ಜಮೀಲಾಬಿ ಹೇಳಿದ್ದಷ್ಟೇ

ನವಲಗುಂದದ ತಹಶೀಲ್ದಾರ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ ಇಪ್ಪತ್ತೆರಡು ವರ್ಷ ಟೈಪ್ ಮಷೀನು ಇಟ್ಟುಕೊಂಡು ಕೂತವನು ನಾನು, ಅರ್ಜಿ ಬರೆಯುವ ಈರಬಸಪ್ಪ. ನನ್ನ ಅರ್ಜಿ ಓದಿ ಕಣ್ಣೀರು ಹಾಕಿದ ಸಾಹೇಬರಿದ್ದಾರೆ. ಸುಳ್ಳಲ್ಲ. ಇಲ್ಲ, ಅರ್ಧ ಸುಳ್ಳು. ಒಬ್ಬ ಸಾಹೇಬರು ಓದುತ್ತ ಓದುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದು ನಿಜ. ಧೂಳು ಬಿದ್ದಿತ್ತೋ ಏನೋ ಯಾರಿಗೆ ಗೊತ್ತು. ನೋಡಿ, ಇದೇ ನನ್ನ ಚಾಳಿ. ಈ ಚಾಳಿಯಿಂದ ಒಬ್ಬ ತಾಯಿಗೆ ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿದೆ. ಈ ಸಲವಾದರೂ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ.

ನಮ್ಮ ಕಸುಬಿನ ರೀತಿ ಹೀಗಿತ್ತು. ಗಟಾರ ಕಟ್ಟಿದೆ ಎಂದು ಬರೆದರೆ ಯಾರೂ ಕುರ್ಚಿಯಿಂದ ಏಳುವುದಿಲ್ಲ. ಗಟಾರದ ನೀರು ಮನೆಯೊಳಗೆ ನುಗ್ಗಿ ಬಾಣಂತಿಯ ಹೊರಸಿನ ಕಾಲು ಮುಳುಗಿದೆ ಎಂದು ಬರೆದರೆ ಮರುದಿನವೇ ಜವಾನ ಬರುತ್ತಾನೆ. ಮನೆಯಲ್ಲಿ ಬಾಣಂತಿ ಇರಲೇಬೇಕು ಎಂದೇನಿಲ್ಲ. ಇದಕ್ಕೆ ನಾವು ಗಿಡದ ಕೆಳಗಿನವರು ಒಗ್ಗರಣೆ ಎನ್ನುತ್ತಿದ್ದೆವು. ಸಾಹೇಬರು ಹತ್ತು ಓದಿ ಎರಡು ನಂಬುತ್ತಿದ್ದರು, ನಾವು ಎರಡು ನಂಬಿಸಲು ಹತ್ತು ಬರೆಯುತ್ತಿದ್ದೆವು. ತಾಲೂಕಿನಲ್ಲಿ ಇದು ಎಲ್ಲರಿಗೂ ತಿಳಿದ ಮಾತು. ಸಮುದ್ರದ ಆಚೆ ಕೂತವರಿಗೆ ಇದು ತಿಳಿದಿರುವುದಿಲ್ಲ ಎಂದು ನನ್ನ ದರಿದ್ರ ತಲೆಗೆ ಹೊಳೆಯಲೇ ಇಲ್ಲ.

ಎಂಬತ್ತೈದನೇ ಇಸವಿಯ ಬೇಸಿಗೆ ಕೊನೆಗೆ ಜಮೀಲಾಬಿ ಬಂದಳು. ಜಮಖಾನ ನೇಯುವಾಕೆ, ಗಂಡ ತೀರಿ ಹತ್ತು ವರ್ಷವಾಗಿತ್ತು. ಒಬ್ಬನೇ ಮಗ ಗೈಬುಸಾಬ. ಬಡಿಗತನದಲ್ಲಿ ಕೈ ಚಲೋ ಇದ್ದ ಹುಡುಗ. ಎರಡು ವರ್ಷದ ಹಿಂದೆ ಮುಂಬಯಿಯ ಏಜೆಂಟನೊಬ್ಬ ಅವನನ್ನು ಕೊಲ್ಲಿ ದೇಶಕ್ಕೆ ಕಳಿಸಿದ್ದ. ಅವಳ ಒಂದು ಕೈಯಲ್ಲಿ ಮಗನ ಕಾಗದ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಕರಾರುಪತ್ರ.

"ಅಣ್ಣಾರ, ಇದನ್ನ ಓದ್ರಿ. ಓದಿ ಅಲ್ಲಿ ನಮ್ಮ ದೇಶದ ಆಫೀಸಿಗೆ ಒಂದ ಅರ್ಜಿ ಬರೀರಿ," ಎಂದಳು.

ಗೈಬು ಚಿಕ್ಕ ಚಿಕ್ಕ ಅಕ್ಷರದಲ್ಲಿ ಬರೆದಿದ್ದ. ಬಡಿಗ ಎಂದು ಕರೆದುಕೊಂಡು ಹೋದವರು ಅಲ್ಲಿ ಅವರ ಭಾಷೆಯ ಬೇರೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಸಿಮೆಂಟು ಚೀಲ ಹೊರಿಸುತ್ತಿದ್ದರು. ಪಗಾರ ಮಾತಾಡಿದ್ದರ ಅರ್ಧ. ಎರಡು ವರ್ಷದ ಕರಾರು ಮುಗಿದಿತ್ತು, ಆದರೆ ಪಾಸ್‌ಪೋರ್ಟು ಮಾಲಕನ ಕಪಾಟಿನಲ್ಲಿತ್ತು. ಅದಿಲ್ಲದೆ ಊರಿಗೆ ಬರುವಂತಿರಲಿಲ್ಲ. ಕೊನೆಗೆ ಎರಡು ಸಾಲು: "ಊಟಕ್ಕೆ ತೊಂದರೆ ಇಲ್ಲ ಅಮ್ಮಾ. ಯಾರೂ ಮೈಮುಟ್ಟಿಲ್ಲ. ಊರಿಗೆ ಬರಬೇಕು, ಅಷ್ಟೇ."

"ಬರದಕೊಳ್ರಿ," ಎಂದು ಜಮೀಲಾಬಿ ಬಾಜು ಕೂತಳು. "ಬಡಿಗತನಾ ಅಂದು ಚೀಲಾ ಹೊರಸಾಕತ್ತಾರ. ಅರ್ಧಾ ಪಗಾರ. ಪಾಸ್‌ಪೋರ್ಟ್ ಕೊಡವಲ್ರು. ನನ್ನ ಮಗನ್ನ ನನಗ ಕಳಸ್ರಿ. ಇಷ್ಟು. ಮತ್ತ ಊಟಾ ಚಲೋ ಹಾಕ್ಯಾರ ಅನ್ನೂದನ್ನೂ ಬರೀರಿ."

"ಅದನ್ಯಾಕ ಬರೀಬೇಕು ಬೇ?"

"ಯಾಕಂದ್ರ? ಅನ್ನಾ ಹಾಕಿದ್ದಕ್ಕ ಇಲ್ಲ ಅನಬಾರದ್ರಿ. ಅವರ ಉಪ್ಪು ಉಂಡಾನ. ತಪ್ಪು ಮಾಡಿದ್ದ ತಪ್ಪು, ಉಣಿಸಿದ್ದ ಉಣಿಸಿದ್ದು."

ನಾನು ಮನಸ್ಸಿನಲ್ಲೇ ನಕ್ಕೆ. ಇಂಥ ಅರ್ಜಿ ಬರೆದರೆ ಮಗ ಅಲ್ಲೇ ಮುದುಕನಾಗುತ್ತಾನೆ ಎಂದುಕೊಂಡೆ. ಇಂಗ್ಲಿಷಿನಲ್ಲಿ ಟೈಪು ಮಾಡತೊಡಗಿದೆ. ಅನ್ನ ನೀರಿಲ್ಲದೆ ಕೂಡಿಹಾಕಿದ್ದಾರೆ ಎಂದು ಬರೆದೆ. ಹಗ್ಗದಿಂದ ಬಿಗಿದು ಹೊಡೆದಿದ್ದಾರೆ, ಬೆನ್ನ ಮೇಲೆ ಬರೆ ಎದ್ದಿವೆ ಎಂದು ಬರೆದೆ. ಬೆರಳು ತಾನಾಗಿ ಓಡುತ್ತಿತ್ತು. ಕೊನೆಗೆ 'ಬಡ ವಿಧವೆಯ ಗರ್ಭದ ಬೆಂಕಿ' ಎಂಬ ಮಾತನ್ನೂ ಸೇರಿಸಿದೆ, ಅದು ನನಗೆ ಬಹಳ ಸೇರಿತು. ಕರಾರುಪತ್ರ ಬಟ್ಟೆಯಲ್ಲೇ ಉಳಿಯಿತು. ಕರಾರುಪತ್ರ ಓದಿ ಯಾರು ಅಳುತ್ತಾರೆ?

"ಓದಿ ಹೇಳ್ರಿ," ಎಂದಳು.

ಆ ಇಂಗ್ಲಿಷು ಹಾಳೆಯನ್ನು ಎದುರಿಗೆ ಹಿಡಿದುಕೊಂಡು ಅವಳು ಹೇಳಿದ್ದನ್ನೇ ಅವಳಿಗೆ ಕನ್ನಡದಲ್ಲಿ ಒಪ್ಪಿಸಿದೆ. ಚೀಲ, ಪಗಾರ, ಪಾಸ್‌ಪೋರ್ಟು. ಊಟದ ಮಾತನ್ನೂ ಬಿಡಲಿಲ್ಲ. ಅವಳು ತಲೆಯಾಡಿಸಿ, "ಅಗದಿ ಬರೋಬ್ಬರಿ ಬರದೀರಿ ನೋಡ್ರಿ ಅಣ್ಣಾರ," ಎಂದು ಹೆಬ್ಬೆಟ್ಟು ಒತ್ತಿದಳು. ಶಾಯಿಯ ಬೆರಳನ್ನು ಬೇವಿನ ಗಿಡಕ್ಕೆ ಒರೆಸಿದಳು.

ಮೂರು ತಿಂಗಳಿಗೆ ಉತ್ತರ ಬಂತು. ಅಂಚೆಯವನು ಕೊಟ್ಟದ್ದನ್ನು ಜಮೀಲಾಬಿ ಒಡೆಯದೆ ನನ್ನ ಕೈಗೆ ತಂದಿಟ್ಟಳು. ಒಡೆದು ಓದಿದೆ. ದೂರು ತಲುಪಿದ ಕೂಡಲೇ ಅಧಿಕಾರಿಯೊಬ್ಬರು ಆ ಕೆಲಸದ ಜಾಗಕ್ಕೆ ಹೋಗಿದ್ದರು. ಗೈಬುವನ್ನು ಕರೆಸಿ ಕೇಳಿದ್ದರು. ಅವನು ಅಂಗಿ ತೆಗೆದು ಬೆನ್ನು ತೋರಿಸಿ, ಯಾರೂ ಹೊಡೆದಿಲ್ಲ, ಊಟ ಸರಿಯಾಗಿ ಕೊಡುತ್ತಾರೆ ಎಂದಿದ್ದ. ಹೀಗಾಗಿ ದೂರು ಸುಳ್ಳು ಎಂದು ಮುಕ್ತಾಯ ಮಾಡಲಾಗಿದೆ. ಪಾಸ್‌ಪೋರ್ಟಿನ ಮಾತು, ಪಗಾರದ ಮಾತು ನನ್ನ ಬರೆಗಳ ಕೆಳಗೆ ಹೂತುಹೋಗಿದ್ದವು; ಅವನ್ನು ಯಾರೂ ಕೇಳಿರಲಿಲ್ಲ.

"ಏನ ಬರದಾರ?" ಜಮೀಲಾಬಿ ಕೇಳಿದಳು.

"ಚೌಕಶಿ ನಡದೈತಿ ಅಂತ ಬರದಾರವಾ," ಎಂದೆ.

ಅವಳು ಆಕಾಶಕ್ಕೆ ಕೈ ಎತ್ತಿ ಮುಖ ಸವರಿಕೊಂಡಳು. ನನಗೆ ಆ ದಿನ ಊಟ ಸೇರಲಿಲ್ಲ. ಇದು ಒಗ್ಗರಣೆಯ ಮಾತಲ್ಲ, ತಾಟು ಹಾಗೇ ಬಿಟ್ಟು ಎದ್ದೆ.

ಎರಡು ವಾರ ಬಿಟ್ಟು ಗೈಬುವಿನ ಕಾಗದ ಬಂತು. ಮಾಲಕ ಸಿಟ್ಟಿಗೆದ್ದು ಅವನನ್ನು ಊರಾಚೆ ಮರಳಿನಲ್ಲಿ ಒಂದು ಗೋದಾಮಿನ ಕೆಲಸಕ್ಕೆ ಹಾಕಿದ್ದ. ಅವನು ಬರೆದದ್ದು ಇಷ್ಟೇ: "ಅಮ್ಮಾ, ಸಾಹೇಬರು ಎಲ್ಲರ ಮುಂದೆ, ನಿನ್ನ ತಾಯಿ ಸುಳ್ಳು ಬರೆಸುತ್ತಾಳೆ ಅಂದರು. ನಾನು ಖರೆ ಹೇಳಿದೆ. ನೀನು ಹಾಗೆ ಬರೆಸಿದೆಯಾ?"

ಆ ಕಾಗದವನ್ನು ನಾನು ಅವಳಿಗೆ ಪೂರ್ತಿ ಓದಲಿಲ್ಲ. ದೂರದ ಕೆಲಸಕ್ಕೆ ಹಾಕಿದ್ದಾರೆ ಎಂಬಲ್ಲಿಗೆ ನಿಲ್ಲಿಸಿದೆ. ಅಷ್ಟಕ್ಕೇ ಅವಳು ಕಾಗದಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿಕೊಂಡಳು. ಹುಬ್ಬಳ್ಳಿಯಲ್ಲಿ ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರಂತೆ, ಪಕ್ಕದ ಮನೆಯ ಮೈಮುನಬಿ ಹೇಳಿದಳು, ಹೋಗೂಣು ನಡೀರಿ ಎಂದಳು. ಒಲ್ಲೆ ಎನ್ನಲು ನನಗೆ ಬಾಯಿ ಎಲ್ಲಿತ್ತು? ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೋದೆವು.

ಕಾನೂನು ನೆರವಿನ ಆ ಕೋಣೆಯಲ್ಲಿ ಕೂತಿದ್ದವರು ಶಾರದವ್ವ ಎಂಬ ವಕೀಲಬಾಯಿ. ಕುಂದಗೋಳ ಕಡೆಯವರು, ದಪ್ಪ ಕನ್ನಡಕ, ಮಾತು ಖಡಕ್ಕು. ಜಮೀಲಾಬಿ ತನ್ನಲ್ಲಿದ್ದ ಎಲ್ಲ ಕಾಗದ ಮೇಜಿನ ಮೇಲೆ ಸುರಿದಳು. ಶಾರದವ್ವ ಮೊದಲು ಕರಾರುಪತ್ರ ಬಿಡಿಸಿದರು.

"ಅಯ್ಯ, ಇದೊಂದ ಕಾಗದಾ ಸಾಕಿತ್ತಲ್ಲವಾ! ಇದನ್ನ ಯಾಕ ಕಳಸಲಿಲ್ಲ? ಎರಡ ವರ್ಷದ ಹಿಂದ ಹೊಸಾ ಕಾಯ್ದೆ ಬಂದೈತಿ. ಇಲ್ಲಿ ಬಡಿಗ ಅಂತ ಕರಾರು ಮಾಡಿ ಅಲ್ಲಿ ಬ್ಯಾರೆ ಕೆಲಸಕ್ಕ ಹಚ್ಚಿದ್ರ ಕಳಿಸಿದ ಏಜೆಂಟ ಜವಾಬು ಕೊಡಬೇಕು. ಅದನ್ನ ಕೇಳಾಕಂತನ ಮುಂಬಯಿಯಾಗ ಒಬ್ಬ ಅಧಿಕಾರಿ ಅದಾರ."

ಆಮೇಲೆ ನನ್ನ ಅರ್ಜಿಯ ನಕಲು, ರಾಯಭಾರ ಕಚೇರಿಯ ಉತ್ತರ ಓದಿದರು. ಗೈಬುವಿನ ಕಾಗದಗಳನ್ನು ಓದಿದರು. ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು.

"ಹುಡುಗ ಯಾರೂ ಮೈಮುಟ್ಟಿಲ್ಲ ಅಂತ ಬರದಾನ. ಅರ್ಜಿಯಾಗ ಹಗ್ಗದಿಂದ ಬಿಗದು ಹೊಡದಾರ ಅಂತ ಐತಿ, ಉಪವಾಸ ಹಾಕ್ಯಾರ ಅಂತ ಐತಿ. ಅದಕ್ಕ ಸುಳ್ಳು ಅಂತ ಮುಚ್ಚಿಬಿಟ್ಟಾರ. ಹೊಡದ್ರು ಅಂತ ಯಾರ ಹೇಳಿದ್ರು?"

ಜಮೀಲಾಬಿ ಮೆಲ್ಲಗೆ ನನ್ನ ಕಡೆ ತಿರುಗಿದಳು. ಓದಿ ಹೇಳ್ರಿ ಎಂದಾಗ ನಾನು ಒಪ್ಪಿಸಿದ್ದೆಲ್ಲ ಅವಳಿಗೆ ನೆನಪಾಗಿರಬೇಕು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ, ಲೆಕ್ಕಕ್ಕೆ ಬಾರದ ಸರಕನ್ನು ಸಂತೆಯಲ್ಲಿ ತಿರುಗಿಸಿ ನೋಡುತ್ತಾರಲ್ಲ, ಹಾಗೆ ನೋಡಿದಳು.

"ಪ್ರಮಾಣಪತ್ರ ಮಾಡಸ್ಬೇಕು," ಶಾರದವ್ವ ಹೇಳಿದರು. "ಮೊದಲಿನ ಸುಳ್ಳು ಯಾರದು ಅನ್ನೂದು ಅದರಾಗ ಬರಬೇಕು. ಇಲ್ಲಂದ್ರ ಖರೇನೂ ನಂಬೂದಿಲ್ಲ ಅವರು. ಅರ್ಜಿ ಬರದಾವ ತನ್ನ ಕೈಯಿಂದ ಸೇರಿಸಿದ್ರ ಹೇಳ್ರಿ, ಅಂಥವನ ಲೈಸನ್ಸ್ ನಾನ ನಿಂತು ರದ್ದ ಮಾಡಸ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಸುಮ್ಮನೆ ಕಿಸೆಯ ಲೈಸನ್ಸಿನ ಮೇಲೆ ಹೋಯಿತು. ನಾನೇ ಎನ್ನಬೇಕು ಎಂದು ಬಾಯಿ ತೆರೆದೆ. ತೆರೆದೆ ಎಂಬುದು ನಿಜ.

"ನಾನ ಹೇಳಿದ್ದೆರಿ ಬಾಯಾರ," ಎಂದಳು ಜಮೀಲಾಬಿ. "ಮಗಾ ಬರಲಿ ಅಂತ ಸಂಕಟದಾಗ ಹೆಚ್ಚಿಗಿ ಹೇಳಿದೆ. ಸುಳ್ಳು ನಂದು."

ಶಾರದವ್ವ ಒಂದು ಗಳಿಗೆ ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. ಅವರು ನಿಟ್ಟುಸಿರು ಬಿಟ್ಟು ಬರೆದುಕೊಂಡರು. ಜಮೀಲಾಬಿಯ ಹೆಬ್ಬೆಟ್ಟು ಆ ಕಾಗದದ ಮೇಲೂ ಬಿತ್ತು.

ತಿರುಗಿ ಬರುವ ಬಸ್ಸು ಅರ್ಧ ದಾರಿ ಬಂದಿತ್ತು. ಆಮೇಲೆ ನಾನೇ, "ಜಮೀಲಾಬಿ, ನನ್ನ ಹೆಸರ ಹೇಳಬೇಕಿತ್ತು ನೀ," ಎಂದೆ.

"ಹೇಳಿದ್ರ? ನಿಮ್ಮ ಲೈಸನ್ ಕಸಗೋತಾರ. ನಾಳೆ ನನ್ನ ಮಗಗ ಕಾಗದಾ ಯಾರ ಬರೀತಾರ? ಹೆಬ್ಬಟ್ಟಿನಾಕಿಗೆ ಅವರೇನ ಮಾಡ್ತಾರ್ರಿ, ಬೈತಾರ. ಬೈಸ್ಕೋತೀನಿ." ಕಿಟಕಿಯ ಹೊರಗೆ ಕಪ್ಪು ಹೊಲ ನೋಡುತ್ತ ಮುಂದುವರಿಸಿದಳು: "ಆದ್ರ ನಿಮ್ಮ ಮ್ಯಾಲೆ ಜೀವಾ ಇಟ್ಟ ಬಂದಿದ್ದೆ ಅಣ್ಣಾರ. ಓದಿ ಹೇಳ್ರಿ ಅಂದಾಗರ ಖರೆ ಹೇಳಬಾರದಿತ್ತೇನ್ರಿ? ಇನ್ನ ಮ್ಯಾಲೆ ನಾ ಹೇಳಿದ್ದಷ್ಟ ಬರೀರಿ. ಒಂದ ಮಾತು ಹೆಚ್ಚಿಗಿ ಇಲ್ಲ, ಒಂದ ಮಾತು ಕಡಿಮಿ ಇಲ್ಲ."

ಛೀ, ಎನಿಸಿತು ನನ್ನ ಜನ್ಮಕ್ಕೆ. ಆದರೂ ನಿಜ ಹೇಳಬೇಕು, ಲೈಸನ್ಸು ಉಳಿಯಿತಲ್ಲ ಎಂಬ ಸಮಾಧಾನವೂ ಹೊಟ್ಟೆಯೊಳಗೆ ಒಂದು ಮೂಲೆಯಲ್ಲಿ ಇತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂದಿನಿಂದ ಹೆಚ್ಚೂಕಡಿಮೆ ಪ್ರತಿ ತಿಂಗಳೂ ಅವಳು ಬಂದು ಮಗನಿಗೆ ಕಾಗದ ಬರೆಸಿದಳು. ನಾನು ಅವಳು ಹೇಳಿದ್ದನ್ನಷ್ಟೇ ಬರೆದೆ. ಆಡು ಎರಡು ಮರಿ ಹಾಕಿತು ಎಂದರೆ ಎರಡು ಮರಿ. ಮೂರು ಎಂದು ಬರೆಯಲಿಲ್ಲ. ಅರ್ಜಿಯ ಸುಳ್ಳು ನನ್ನದು ಎಂದು ಮಗನಿಗೆ ಬರೆಯಲೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದು ನನಗೂ ನಿಮಗೂ ಇರಲಿ. ಕಾಗದಾ ಮಂದಿ ಒಡದ ಓದ್ತಾರ," ಎಂದು ತಳ್ಳಿಹಾಕಿದಳು. ಹನ್ನೊಂದು ಕಾಗದ ಹೋದವು. ಅತ್ತ ಕಡೆಯಿಂದ ಒಂದೂ ಬರಲಿಲ್ಲ. "ಅಂಚಿ ತಡಾ ಆಗಿರಬೇಕು," ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು.

ಶಾರದವ್ವ ಬಿಡಲಿಲ್ಲ. ಪ್ರಮಾಣಪತ್ರದ ಜೊತೆ ಕರಾರುಪತ್ರದ ನಕಲು ಅದೇ ವಾರ ಮುಂಬಯಿಗೂ ಹೋಯಿತು, ರಾಯಭಾರ ಕಚೇರಿಗೂ ಹೋಯಿತು. ಮುಚ್ಚಿದ ದೂರನ್ನು ಮತ್ತೆ ತೆರೆದರು. ಏಜೆಂಟನಿಗೆ ಬಿಸಿ ಮುಟ್ಟಿತು. ಎಂಬತ್ತಾರರ ದೀಪಾವಳಿ ಕಳೆದು ಎರಡು ವಾರಕ್ಕೆ ಗೈಬುಸಾಬ ಪಾಸ್‌ಪೋರ್ಟು ಕೈಯಲ್ಲಿ ಹಿಡಿದುಕೊಂಡು ಹುಬ್ಬಳ್ಳಿ ಬಸ್ಸಿನಿಂದ ಇಳಿದ. ಒಂದು ಹನಿ ಒಗ್ಗರಣೆ ಇಲ್ಲದೆ.

ಮೂರನೇ ದಿನ ಅವನು ಬೇವಿನ ಗಿಡದ ಕೆಳಗೆ ಬಂದ. ಸೊರಗಿದ್ದ, ಕಿವಿಯ ಮೇಲೆ ಒಂದೆರಡು ಕೂದಲು ಬೆಳ್ಳಗಾಗಿದ್ದವು. ನನ್ನ ಕಾಲು ಮುಟ್ಟಿ, ಕಿಸೆಯಿಂದ ಒಂದು ಪೆನ್ನು ತೆಗೆದು ಕೈಗಿತ್ತ. ಬಂಗಾರದ ಬಣ್ಣದ ಮುಚ್ಚಳ, ಪರದೇಶದ್ದು.

"ಕಾಕಾರ, ಇದು ನಿಮಗಂತ ತಂದೀನಿ. ನೀವು ಹುಬ್ಬಳ್ಳಿಗೆ ಕರಕೊಂಡ ಹೋಗದಿದ್ರ ನಾ ಅಲ್ಲೇ ಮಣ್ಣಾಗ್ತಿದ್ದೆ."

"ಅವ್ವ ಹೆಂಗದಾಳ?" ಎಂದೆ. ಬೇರೇನು ಕೇಳಲಿ?

"ಅದಾಳ." ಅವನ ದನಿ ಸತ್ತಿತ್ತು. "ನಾ ನಾಳೆ ಹುಬ್ಬಳ್ಳಿಗೆ ಹೊಂಟೀನ್ರಿ. ಒಂದ ಫರ್ನಿಚರ್ ಅಂಗಡ್ಯಾಗ ಕೆಲಸಾ ಸಿಕ್ಕೈತಿ. ಖೋಲಿ ಮಾಡ್ತೀನಿ. ತಿಂಗಳಾ ಅವ್ವಗ ರೊಕ್ಕಾ ಕಳಸ್ತೀನಿ, ಅದರಾಗೇನ ಕಡಿಮಿ ಮಾಡೂದಿಲ್ಲ."

"ಅಲ್ಲೋ, ಮೂರು ವರ್ಷಾ ಆಗಿ ಬಂದೀ, ಮೂರು ದಿನಕ್ಕ ಹೊಂಟಿ?"

"ಆ ಮನ್ಯಾಗ ನನಗ ನಿದ್ದಿ ಹತ್ತವಲ್ದರಿ. ಆ ಸಾಹೇಬ್ರು ಎಲ್ಲಾರ ಮುಂದ ಹಂಗ ಅಂದಾಗ ನಾ ಏನಂದೆ ಗೊತ್ತೇನ್ರಿ? ನನ್ನ ತಾಯಿ ಸುಳ್ಳ ಹೇಳಾಕಿ ಅಲ್ಲ ಅಂತ ಜಗಳಾ ತಗದೆ. ಖುರಾನ ಮ್ಯಾಲೆ ಕೈ ಇಡಲೇನು ಅಂದೆ. ನೆರದ ಮಂದಿ ನಕ್ಕರು. ಆಮ್ಯಾಲೆ ಹುಬ್ಬಳ್ಳಿಯಿಂದ ಬಂದ ಪ್ರಮಾಣಪತ್ರಾ ಓದಿ ಹೇಳಿದ್ರು. ನಾನ ಸುಳ್ಳ ಹೇಳಿದ್ದೆ ಅಂತ ಆಕೀನ ಹೆಬ್ಬಟ್ಟ ಒತ್ತಿದ್ಲು. ಆಕಿ ಸುಳ್ಳಿನ ಸಲುವಾಗಿ ನಾ ಒಂದ ವರ್ಷಾ ಆ ಮರಳಿನಾಗ ಬಿದ್ದೆ. ಕೇಳಿದ್ರ ಬಾಯಿ ಬಿಡವಲ್ಲಳು."

ಪೆನ್ನು ನನ್ನ ಅಂಗೈಯಲ್ಲಿತ್ತು. ಅದನ್ನು ಕಿಸೆಗೆ ಸಿಕ್ಕಿಸಿಕೊಂಡೆ. ಯಾಕೆ ಸಿಕ್ಕಿಸಿಕೊಂಡೆನೋ ತಿಳಿಯದು. ಮಗ ಬರಲಿ ಎಂದು ಅವಳು ನನ್ನ ಸುಳ್ಳನ್ನು ಹೊತ್ತಳು. ಮಗ ಬಂದ. ಬಂದವನು ಅದೇ ಸುಳ್ಳಿನಿಂದ ಮತ್ತೆ ಹೊರಟಿದ್ದಾನೆ. ನಾನು ಸುಮ್ಮನಿದ್ದರೆ ನಾಳೆ ಬಸ್ಸು ಹತ್ತುತ್ತಾನೆ, ನನ್ನ ಲೈಸನ್ಸು ಕಿಸೆಯಲ್ಲಿ ಭದ್ರವಾಗಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೇ ಮಷೀನಿನ ಮುಚ್ಚಳ ಹಾಕಿದೆ.

"ಎಲ್ಲಿಗ್ರಿ?"

"ನಿಮ್ಮ ಮನಿಗೆ ನಡಿ."

ಜಮೀಲಾಬಿ ಮಗ್ಗದ ಮುಂದೆ ಕೂತು ಜಮಖಾನದ ಎಳೆಯನ್ನು ಕಬ್ಬಿಣದ ಹಣಿಗೆಯಂಥ ಪಂಜದಿಂದ ಬಡಿಯುತ್ತಿದ್ದಳು. ಬಾಗಿಲ ಬಳಿ ಗೈಬುವಿನ ಚೀಲ ಕಟ್ಟಿಟ್ಟಿತ್ತು. ನನ್ನ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು.

"ಬ್ಯಾಡ್ರಿ ಅಣ್ಣಾರ, ಮುಗದ ಮಾತು. ಕೂಡ್ರಿ, ಚಾ ಮಾಡ್ತೀನಿ."

"ಮುಗದಿಲ್ಲವಾ," ಎಂದೆ. ನಿಂತುಕೊಂಡೇ ಹೇಳಿದೆ. "ಗೈಬು, ಹೊಡದಾರ ಅಂತ ಬರದಾವ ನಾನು. ಉಪವಾಸ ಹಾಕ್ಯಾರ ಅಂತ ಬರದಾವ ನಾನು. ನಿನ್ನ ತಾಯಿ ಊಟಾ ಚಲೋ ಹಾಕ್ಯಾರ ಅಂತ ಬರೀರಿ ಅಂದಿದ್ಲು. ಇಂಗ್ಲೀಷ ಬರದು ಕನ್ನಡದಾಗ ಸುಳ್ಳ ಓದಿ ಹೆಬ್ಬಟ್ಟ ತಗೊಂಡೆ. ಹುಬ್ಬಳ್ಳ್ಯಾಗ ನನ್ನ ಲೈಸನ್ಸ್ ಹೋಗಬಾರದಂತ ಆಕಿ ತನ್ನ ಮ್ಯಾಲೆ ಹಾಕೊಂಡ್ಲು. ನಾ ಬಾಜೂಕ ಕುಂತು ಸುಮ್ಮನಿದ್ದೆ."

ಗೈಬು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ನನ್ನತ್ತ ತಿರುಗಲೇ ಇಲ್ಲ, ತಾಯಿಯ ಬೆನ್ನನ್ನೇ ನೋಡುತ್ತಿದ್ದ.

"ಅಮ್ಮಾ," ಎಂದ, "ನೀ ಕಳಿಸಿದ ಹನ್ನೊಂದ ಕಾಗದಾ ನಾ ಒಡೀಲಿಲ್ಲ. ಬಂದ ಬಂದಂಗ ಹರದ ಒಲಿಗೆ ಹಾಕಿದೆ."

ಪಂಜದ ಸಪ್ಪಳ ನಿಂತಿತು. ಜನ್ಮದಲ್ಲಿ ನಾನು ಖರೆ ಬರೆದದ್ದು ಆ ಹನ್ನೊಂದು ಕಾಗದ ಮಾತ್ರ.

ಜಮೀಲಾಬಿ ಪಂಜ ಕೆಳಗಿಟ್ಟಳು. ಆಮೇಲೆ ತಿರುಗದೆ ಹೇಳಿದಳು: "ಅಣ್ಣಾರ, ಬರದಾವ್ರು ನೀವ ಅಲ್ಲೇನು? ಅವಗ ಹೇಳ್ರಿ. ನಾ ಹೇಳಿದ್ದಷ್ಟ."

ನೆಲದ ಮೇಲೆ ಕೂತೆ. ಗೈಬುವೂ ಕೂತ. ಮೊದಲನೆಯ ಕಾಗದ ಹೇಳಿದೆ: ಆಡು ಎರಡು ಮರಿ ಹಾಕಿತು, ಒಂದು ಕರಿದು, ಒಂದು ಕಂದು. ಎರಡನೆಯದು: ಮಾಳಿಗೆ ಸೋರುತ್ತಿತ್ತು, ಹೊಸ ಮಣ್ಣು ಹಾಕಿಸಿದೆ, ನೀನು ಚಿಂತೆ ಮಾಡಬೇಡ. ಮೂರನೆಯದು: ಮೊಹರಮ್ಮಿಗೆ ಚೊಂಗೆ ಮಾಡಲಿಲ್ಲ, ತಿನ್ನಲು ಯಾರಿದ್ದಾರೆ? ನಾಲ್ಕನೆಯದು: ನವಿಲಿನ ಜಮಖಾನ ಹೂಡಿದ್ದೇನೆ, ಇದನ್ನು ಮಾರುವುದಿಲ್ಲ, ನೀನು ಬಂದು ಕೂಡಲಿಕ್ಕೆ. ಗೈಬು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಐದನೆಯದಕ್ಕೆ ನೆನಪು ಕೈಕೊಟ್ಟಿತು. ಮೊದಲಾಗಿದ್ದರೆ ಅರೆಗಳಿಗೆಯಲ್ಲಿ ತುಂಬಿಸುತ್ತಿದ್ದೆ. ತಾಯಿಯ ಕಣ್ಣೀರು, ಬರಿದಾದ ಹಾಸಿಗೆ, ಏನು ಬೇಕೋ ಅದು. ಎಲ್ಲ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಇದು ನನಗ ನೆನಪಿಲ್ಲೋ ಗೈಬು," ಎಂದೆ.

"ನನಗೈತಿ," ಎಂದಳು ಜಮೀಲಾಬಿ. ಈಗ ಮಗ್ಗ ಬಿಟ್ಟು ಮಗನ ಕಡೆ ತಿರುಗಿದಳು. "ನೀ ಹೋಗೂ ಮುಂದ ಹೊಲಿಸಿದ ನೀಲಿ ಅಂಗಿ ಪೆಟಿಗ್ಯಾಗಿತ್ತು. ಇಲಿ ಕಡದು ತೂತು ಮಾಡ್ಯಾವ. ಬಂದ ಮ್ಯಾಲೆ ನನಗ ಬೈಬ್ಯಾಡ, ಹೊಲದ ಕೊಡ್ತೀನಿ ಅಂತ ಬರಸಿದ್ದೆ."

ಗೈಬು ದೊಡ್ಡ ದನಿ ತೆಗೆದು ಅತ್ತ. ಎದ್ದುಹೋಗಿ ಬಾಗಿಲ ಬಳಿಯ ಚೀಲ ತಂದು, ಗಂಟು ಬಿಚ್ಚಿ, ಅರಿವೆಗಳನ್ನು ಪೆಟ್ಟಿಗೆಯ ಮೇಲೆ ಇಡತೊಡಗಿದ. ತಾಯಿ ಆರನೆಯ ಕಾಗದ ಹೇಳುತ್ತಿದ್ದಳು. ಇನ್ನು ಅವರಿಗೆ ನನ್ನ ಅಗತ್ಯ ಇರಲಿಲ್ಲ.

ನಾನು ಎದ್ದೆ. ಪೆನ್ನು ಇನ್ನೂ ನನ್ನ ಕಿಸೆಯಲ್ಲಿತ್ತು. ತೆಗೆದು ಗೈಬುವಿನ ಮುಂದೆ ಹಿಡಿದೆ. ಇರಲಿ ಬಿಡ್ರಿ ಕಾಕಾ ಎನ್ನುತ್ತಾನೇನೋ ಎಂಬ ಆಸೆ ಆಗಲೂ ಇತ್ತು ನನಗೆ. ಅವನು ಹಾಗೆ ಎನ್ನಲಿಲ್ಲ. ಪೆನ್ನು ತೆಗೆದುಕೊಂಡು ತನ್ನ ಕಿಸೆಗೆ ಹಾಕಿಕೊಂಡ.